ಸೆಕೆಂಡಿಗೆ ಇಪ್ಪತ್ತೈದು ಮಿಲಿಮೀಟರ್

ಬೆಳಗಿನ ಜಾವ ಮೂರೂ ಕಾಲು.
ಸಾಗರ ರಸ್ತೆಯ ನಮ್ಮ ಆಸ್ಪತ್ರೆಯ ಮುಂದೆ
ಆಂಬುಲೆನ್ಸ್ ನಿಲ್ಲುವ ಜಾಗದಲ್ಲಿ
ಹಾಲಿನ ವ್ಯಾನು ನಿಂತಿದೆ, ಇಂಡಿಕೇಟರ್ ಇನ್ನೂ ಮಿಣುಕುತ್ತಿದೆ.
ಓಡಿಸಿಕೊಂಡು ಬಂದವನೇ ಒಳಗೆ ಮಲಗಿದ್ದಾನೆ, ಚಪ್ಪಲಿ ಸಮೇತ.

ಹೆಸರು ಗುತ್ಯಪ್ಪ. ಅಜ್ಜನದಂತೆ.
ವಯಸ್ಸು ಇಪ್ಪತ್ತನಾಲ್ಕು, ಊರು ಸೊರಬದ ಕಡೆ.
"ಸಿಸ್ಟರ್, ಬೇಗ ನೋಡಿ, ಹಾಲು ಕೆಡ್ತದೆ" ಅಂದ.
ನಾನು ಸಿಸ್ಟರ್ ಅಲ್ಲ, ಇಸಿಜಿಯವಳು
ಅಂತ ಹೇಳುವುದನ್ನು ಬಿಟ್ಟು ಹನ್ನೊಂದು ವರ್ಷವಾಯಿತು.

ಬಲಗೈಗೆ ಕೆಂಪು, ಎಡಗೈಗೆ ಹಳದಿ,
ಎಡಗಾಲಿಗೆ ಹಸಿರು, ಬಲಗಾಲಿಗೆ ಕಪ್ಪು.
ಎದೆಗೆ ತಣ್ಣನೆ ಜೆಲ್ ಹಚ್ಚಿದರೆ
ಎಲ್ಲರೂ ಹೌಹಾರುತ್ತಾರೆ. ಇವನು ನಕ್ಕ.
ನಾಲಿಗೆ ಕೆಂಪಗಿತ್ತು,
ಎಲೆಯಡಿಕೆಯ ಕೆಂಪಲ್ಲ.

ಎಷ್ಟು ಕುಡಿದೆ?
"ಮಾಚೇನಹಳ್ಳೀಲಿ ಲೋಡ್ ಆಗೋವಾಗ ಒಂದು.
ಬಸ್‌ಸ್ಟ್ಯಾಂಡ್ ಹತ್ರ ಒಂದು.
ಆಯನೂರಿನ ಹತ್ರ ಇನ್ನೊಂದು, ಅಲ್ಲಿಂದಲೇ ತಿರುಗಿಸ್ಕೊಂಡು ಬಂದೆ."
ಬೆರಳು ಮಡಚಿದ, ಬಿಡಿಸಿದ.
"ನಿನ್ನೆಯವೂ ಲೆಕ್ಕಕ್ಕೆ ಬರ್ತಾವಾ?"

ಬರ್ತಾವೆ ತಮ್ಮಾ.

ಈ ಕೆಫೀನು ಒಳಗೆ ಹೋಗಿ ಮಾಡುವುದೇನು ಅಂತ
ಡಾಕ್ಟರೊಬ್ಬರು ಚಿತ್ರ ಬರೆದು ತೋರಿಸಿದ್ದರು.
ಚಿತ್ರ ಮರೆತಿದೆ. ನನಗೆ ಉಳಿದದ್ದು ಇಷ್ಟು:
ಹೊಸನಗರದ ಬಸ್ಸು ನಿಲ್ಲುವ ಮೊದಲೇ
ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರಲ್ಲ,
ಹಾಗೆ ಅದು ನಿದ್ದೆ ಕೂರುವ ಸೀಟಿಗೆ ಟವೆಲ್ ಹಾಕುತ್ತದೆ.
ನಿದ್ದೆ ಇಳಿದು ಹೋಗುವುದಿಲ್ಲ,
ಕಂಬಿ ಹಿಡಿದು ನಿಂತೇ ಬರುತ್ತದೆ.
ಪ್ರತಿ ಸ್ಟಾಪಿನಲ್ಲೂ ಅದರ ಕಡೆಯವರು ಹತ್ತುತ್ತಾರೆ,
ಚೀಲ, ಕೊಡೆ, ಕಾಲು ಕಟ್ಟಿದ ಕೋಳಿ.
ಟವೆಲಿನವನು ಎದ್ದು ಇಳಿದನೋ,
ಇಡೀ ಬಸ್ಸು ಆ ಒಂದು ಸೀಟಿನ ಮೇಲೆ ಬೀಳುತ್ತದೆ.
ಆಗ ನೀನು ಯಾವ ತಿರುವಿನಲ್ಲಿರುತ್ತೀಯೋ.

ಇದನ್ನೆಲ್ಲ ಅವನಿಗೆ ಹೇಳಲಿಲ್ಲ.
"ಮಾತಾಡಬೇಡ, ಅಲುಗಾಡಬೇಡ" ಅಂದೆ.
ಬಟನ್ ಒತ್ತಿದೆ.

ಗುಲಾಬಿ ಚೌಕಳಿಯ ಕಾಗದ
ಸೆಕೆಂಡಿಗೆ ಇಪ್ಪತ್ತೈದು ಮಿಲಿಮೀಟರ್,
ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಮ್ಮಿಯಿಲ್ಲ.
ಅದರ ಮೇಲೆ ಗುತ್ಯಪ್ಪನ ಎದೆ
ನಿಮಿಷಕ್ಕೆ ನೂರ ಮೂವತ್ತೆಂಟು,
ಗಂಟೆ ಹೊಡೆದ ಮೇಲೆ ಶಾಲೆಗೆ ಓಡುವ ಮಕ್ಕಳ ಹಾಗೆ.
ನಡುವೆ ಒಬ್ಬ ಸಾಲು ಮುರಿದು ನುಗ್ಗಿದ್ದಾನೆ,
ಅವನ ಬೆನ್ನಿಗೆ ಖಾಲಿ ಜಾಗ.

"ಅಗೋ, ಈಗ ಬಂತು ಸಿಸ್ಟರ್."
ಅವನಿಗೆ ಕಾಗದ ಕಾಣುತ್ತಿರಲಿಲ್ಲ.
"ಕೆಸರಲ್ಲಿ ಮುರುಗೋಡು ಹೊರಳಿದಂಗೆ. ಆಮೇಲೆ ಏನೂ ಇಲ್ಲ."
ಆ ಏನೂ ಇಲ್ಲವನ್ನು ಸ್ಕೇಲಿಟ್ಟು ಅಳೆದೆ.
ಒಂದೂವರೆ ಸೆಂಟಿಮೀಟರ್.

ಡಾಕ್ಟರ್ ನಫೀಸಾ ಕಾಗದವನ್ನು ಟ್ಯೂಬ್‌ಲೈಟಿಗೆ ಹಿಡಿದರು.
"ಗೆರೆ ಯಾಕೆ ಇಷ್ಟು ನಡುಗಿದೆ? ಹುಡುಗ ಅಲುಗಾಡಿದನಾ?"

ಹುಡುಗ ಅಲುಗಾಡಿರಲಿಲ್ಲ.
ಹೇಳಿದ ಮಾತು ಕೇಳಿ ಮರದ ದಿಮ್ಮಿಯಂತೆ ಮಲಗಿದ್ದ.
ಎದೆಯ ನಾಲ್ಕನೇ ಬುಗ್ಗೆ ಜಾರುತ್ತಿತ್ತು,
ಬೆರಳಿನಿಂದ ಒತ್ತಿ ಹಿಡಿದಿದ್ದವಳು ನಾನು.
ಒಂಬತ್ತಕ್ಕೆ ಫ್ಲಾಸ್ಕಿನದು, ಹನ್ನೊಂದಕ್ಕೆ ಫ್ಲಾಸ್ಕಿನದು,
ಒಂದಕ್ಕೆ ತಳದ ಗಸಿ ಸಮೇತ,
ಎರಡೂವರೆಗೆ ಕೆಳಗಿನ ಮೆಷಿನ್ನಿನದು.
ಮನೆಯ ಡಿಕಾಕ್ಷನ್ನಿಗೆ ಡಬ್ಬಿಯ ಹೆಸರಿಲ್ಲ
ಅಂತ ಎದೆ ಬೇರೆ ಲೆಕ್ಕ ಇಡುತ್ತದೆಯೇ?

"ಇನ್ನೊಂದು ತೆಗೀರಿ" ಅಂದರು,
ತಮ್ಮ ಪೇಪರ್ ಕಪ್ಪಿನಲ್ಲಿ ಉಳಿದದ್ದನ್ನು ಬಾಯಿಗೆ ಸುರಿದುಕೊಂಡು.

ಬುಗ್ಗೆ ಬದಲಾಯಿಸಿ ಎರಡನೇ ಸಲ ಕೈ ಬಿಟ್ಟು ನಿಂತೆ.
ಗುತ್ಯಪ್ಪ ಕಣ್ಣು ಮುಚ್ಚಿದ.
ರೆಪ್ಪೆಯ ಕೆಳಗೆ ರಸ್ತೆ ಓಡುತ್ತಲೇ ಇತ್ತು.
ಟ್ರೇಯಲ್ಲಿಟ್ಟ ಅವನ ಫೋನು ಗುರ್ರೆಂದಿತು.
ರಿಪ್ಪನ್‌ಪೇಟೆ ಏಜೆಂಟ್, ಏಳು ಸಲ.

ಡ್ರಿಪ್ ಹಾಕಿದ ಮೇಲೆ
ಇಂಡಿಕೇಟರ್ ಆರಿಸಲು ಕೀ ಹಿಡಿದು ನಾನೇ ಹೋದೆ.
ಟಿಕ್ ಟಿಕ್, ಟಿಕ್ ಟಿಕ್,
ಎಷ್ಟು ಸಮ ಬಡಿತ, ಒಂದೂ ತಪ್ಪಿಲ್ಲ.
ಆರಿಸಿದೆ.
ಸೀಟಿನ ಕೆಳಗೆ ಖಾಲಿ ಡಬ್ಬಿಗಳು ಉರುಳಾಡಿದವು.
ಹಿಂದೆ, ಹಾಲಿನ ಕ್ರೇಟುಗಳ ನಡುವೆ
ತಂಪಿಗೆ ಅಂತ ಸಿಕ್ಕಿಸಿಟ್ಟದ್ದು ಒಂದು,
ಇನ್ನೂ ತೆರೆದಿರಲಿಲ್ಲ. ಮೈಮೇಲೆ ಹನಿ.

ನನ್ನ ಡ್ಯೂಟಿ ಮುಗಿಯಲು ಇನ್ನೂ ನಾಲ್ಕು ಗಂಟೆ.